ಸಣ್ಣ ಜಾಯಿಂಟರ್ ತಗೊಂಡೀನಿ, ಹಲಗಿ ನೆಟ್ಟಗ ಬರವಲ್ದು, ಯಾರರ ಹೇಳ್ರಪಾ

ಬಳ್ಳಾರಿ_ಹೊಟ್ಟು

ಎಲ್ಲಾರ್ಗೂ ನಮಸ್ಕಾರ್ರಿ. ಮನಿ ಹಿಂದ ಗಾಡಿ ನಿಲ್ಸೋ ಶೆಡ್ ಐತಿ, ರಜಾ ಇದ್ದಾಗ ಅದ್ರಾಗ ಕಟ್ಟಿಗಿ ಕೆಲ್ಸ ಮಾಡ್ತೀನಿ, ಹೊಟ್ಟಿಪಾಡಿಗಲ್ಲ, ಹುಚ್ಚಿಗೆ. ಇಷ್ಟು ದಿನ ಸಾ ಮಿಲ್ಲಿನ್ಯಾಗ ಮಷೀನ್ ಹೊಡಿಸ್ಕೊಂಡು ಬರ್ತಿದ್ದೆ, ಅವ್ರು ನನ್ನ ನಾಕು ಹಲಗಿ ನೋಡಿ ನಾಳಿ ಬಾ ನಾಡ್ದು ಬಾ ಅನ್ನೋದು, ಅವ್ರಿಗೂ ಲಾರಿ ಲೋಡ್ ಗಿರಾಕಿ ಬಿಟ್ಟು ನನ್ನ ಕೆಲ್ಸ ಯಾಕ ಬೇಕು ಹೇಳ್ರಿ, ಸಾಕಾಗಿ ಆನ್‌ಲೈನ್‌ನ್ಯಾಗ 6 ಇಂಚಿನ ಬೆಂಚ್‌ಟಾಪ್ ಜಾಯಿಂಟರ್ (ಹಲಗಿ ಮುಖ, ಬದಿ ನೆಟ್ಟಗ ಮಾಡೋ ಮಷೀನು, ಮೇಜಿನ ಮ್ಯಾಲ ಇಡೋ ಸಣ್ಣದು) ತರಿಸಿದೆ. ಕಡಿಮಿ ರೇಟಿಂದು, ಕಂಪನಿ ಹೆಸರು ಬ್ಯಾಡ. ಎರಡು ಬ್ಲೇಡು, 1500 ವ್ಯಾಟು, ಎರಡೂ ಟೇಬಲ್ ಸೇರಿಸಿದ್ರ ಉದ್ದ 30 ಇಂಚಿಗೆ ಸ್ವಲ್ಪ ಕಡಿಮಿ. ಟೇಬಲ್ಲೂ ಅಲ್ಯುಮಿನಿಯಂ, ಹಲಗಿ ಆನಿಸಿ ನೂಕೋ ಬಾಜು ಗ್ವಾಡಿ, ಅದ ಫೆನ್ಸೂ, ಅಲ್ಯುಮಿನಿಯಂ.

ಓಡೋದು ಓಡ್ತತಿ. ಸೌಂಡ್ ಅಂತೂ ಕೇಳಬ್ಯಾಡ್ರಿ, ಬಾಜು ಮನಿ ಅಜ್ಜಿ ಹಿಟ್ಟಿನ ಗಿರಣಿ ಹಾಕೀಯೇನಪಾ ಅಂತ ಬಂದು ಕೇಳಿದ್ಲು. ತಕರಾರು ಎರಡು ಅದಾವು. ಹಲಗಿ ಬದಿ ಹೊಡದು ಹೊರಗ ಬರೋ ಹೊತ್ತಿಗೆ ಕಟ್ಟಕಡೀ ಎರಡು ಇಂಚಿನ್ಯಾಗ ಟಕ್ ಅಂತ ಗುಂಡಿ ಬೀಳ್ತತಿ, ಉಗುರು ಸಿಗೋವಷ್ಟು. ಇನ್ನೊಂದು, ಆ ತುದಿ ಕೊಯ್ದು ಹಾಕಿದ ಮ್ಯಾಲೂ ಎರಡು ಹಲಗಿ ಬದಿಗೆ ಬದಿ ಹಚ್ಚಿ ಬೆಳಕಿಗೆ ಹಿಡದ್ರ ತುದಿ ಕೂಡ್ತಾವು, ನಡುವ ಸಂದು ಕಾಣ್ತತಿ. ಫೆವಿಕಾಲ್ ಹಚ್ಚಿ ಕ್ಲ್ಯಾಂಪ್ ಬಿಗಿದ್ರ ಕೂಡಬೋದು, ಆದ್ರ ಅದಕ್ಕ ಮಷೀನ್ ಯಾಕ ಬೇಕಿತ್ತು. ವಾಪಸ್ ಕಳಿಸೋ ಟೈಮ್ ಇನ್ನಾ ಐತಿ, ಇಟ್ಕೊಳ್ಲೋ ಕಳಿಸ್ಲೋ?

ರಾಯಚೂರು_ಫಿಟ್ಟರ್

ಕಳಿಸೋ ಮಾತು ಆಮ್ಯಾಲ. ಮೊದಲು ಹೇಳ್ರಿ, ಹಲಗಿ ಉದ್ದ ಎಷ್ಟು? ಒಂದು ಸಲಕ್ಕ ಎಷ್ಟು ತೆಗೀತೀರಿ? ಔಟ್‌ಫೀಡ್ ಟೇಬಲ್, ಅಂದ್ರ ಹಲಗಿ ಹೊರಗ ಬರೋ ಕಡಿದು, ಏರಿಳಿತದೋ ಇಲ್ಲ ಫಿಕ್ಸ್ ಅದನೋ?

ಬಳ್ಳಾರಿ_ಹೊಟ್ಟು

ಪುಸ್ತಕದ ಶೆಲ್ಫ್ ಮಾಡಾಕ ಹತ್ತೀನ್ರಿ. ಸಾಗವಾನಿ, 4 ಫೂಟು ಉದ್ದ, 5 ಇಂಚು ಅಗಲ, 1 ಇಂಚು ದಪ್ಪ. ಒಂದು ಸಲಕ್ಕ 1 ಎಂಎಂ ಇಟ್ಟೀನಿ. ಔಟ್‌ಫೀಡ್ ಫಿಕ್ಸ್, ಹಲಗಿ ಒಳಗ ಹೋಗೋ ಕಡಿ ಇನ್‌ಫೀಡಿಗೆ ಮಾತ್ರ ನಾಬ್ ಐತಿ.

ಬಾಚಿ_ಉಳಿ_ಗಂಗಾವತಿ

ತಮ್ಮಾ, ನಾ ಹುಟ್ಟಿದ್ದ ಬಡಿಗ್ಯಾರ ಮನ್ಯಾಗ, ನಮ್ಮಪ್ಪ ಉದ್ದ ರಂದಾ (ಕೀಸುಳಿ) ಹಿಡದು ಬಾಗಿಲ ಚೌಕಟ್ಟು ಹೊಡದ್ರ ಗುನ್ಯಾ (ಮೂಲಿಮಟ್ಟ) ಹಚ್ಚಿದ ಕಡೆ ಬೆಳಕು ತೂರ್ತಿರಲಿಲ್ಲ. ಈಗಿನವ್ರು ಬಟನ್ ಒತ್ತಿದ್ರ ಹಲಗಿ ನೆಟ್ಟಗಾಗಬೇಕು ಅಂತೀರಿ. 30 ಇಂಚಿನ ಮಷೀನಿಗೆ 4 ಫೂಟ್ ಹಲಗಿ ಹಾಕಿ ನಡುವ ಸಂದು ಬಂತು ಅಂದ್ರ ಏನ್ ಹೇಳ್ಲಿ, ಹಾಸಿಗಿ ಇದ್ದಷ್ಟ ಕಾಲು ಚಾಚಬೇಕು. ಆ ದುಡ್ಡಿಗೆ ಹಳೇ ಎರಕದ ರಂದಾ ಮಷೀನ್, 9 ಇಂಚಿಂದು, ಮೋಟರ್ ಸಮೇತ ಗಂಗಾವತ್ಯಾಗ ಕೊಡಸ್ತಿದ್ನೆಲ್ಲ.

ಇನ್ನ ನಡುವ ಕೂದಲೆಳಿ ಸಂದು ಇದ್ರ ಅದು ತಪ್ಪೂ ಅಲ್ಲ. ನಾವು ಬೇಕಂತಲೇ ನಡುವ ಒಂದೆಳಿ ಜಾಸ್ತಿ ಹೊಡೀತೀವಿ, ಒಂದ ಕ್ಲ್ಯಾಂಪಿನ್ಯಾಗ ಪೂರಾ ಬಿಗೀತತಿ, ಮುಂದ ಬ್ಯಾಸಗ್ಯಾಗ ತುದಿ ಒಣಗಿ ಕುಗ್ಗಿದ್ರೂ ಅಲ್ಲಿ ಬಾಯಿ ಬಿಡಂಗಿಲ್ಲ. ಎಷ್ಟು ಸಂದು ಐತಿ ಅದನ್ನ ಹೇಳು.

ಬಳ್ಳಾರಿ_ಹೊಟ್ಟು

ಕಾಕಾ, ಕೂದಲೆಳಿ ಅಲ್ರಿ, ವಿಸಿಟಿಂಗ್ ಕಾರ್ಡ್ ಎರಡು ಮಡಚಿ ತೂರಿಸಿದ್ರೂ ಹೋಗ್ತತಿ. 9 ಇಂಚಿನ ಎರಕದ ಮಷೀನ್ ನಮ್ಮ ಶೆಡ್ಡಿಗೆ ತಂದ್ರ ಬೈಕ್ ರಸ್ತಿ ಮ್ಯಾಲ ನಿಲ್ಸಬೇಕಾಗ್ತತಿ, ಮನ್ಯಾಗ ನಾನೂ ಹೊರಗ.

ರಾಯಚೂರು_ಫಿಟ್ಟರ್

ಅಷ್ಟು ಸಂದು ಇದ್ರ ಅದು ಸೆಟ್ಟಿಂಗಿಂದ ಬಂದದ್ದು. ನಾನು ಬಡಿಗ ಅಲ್ಲ, ಫ್ಯಾಕ್ಟರ್‍ಯಾಗ ಫಿಟ್ಟರ್ ಆಗಿ ದುಡದು ರಿಟೈರ್ ಆದವ, ಈಗ ಮೊಮ್ಮಕ್ಕಳಿಗೆ ಸ್ಟೂಲು ಮಣಿ ಮಾಡ್ಕೊಂತ ಕುಂತೀನಿ, ಹಂಗಾಗಿ ಇದನ್ನ ಮಷೀನಿನ ಕಡಿಂದನ ಹೇಳ್ತೀನಿ, ಸ್ವಲ್ಪ ಉದ್ದ ಆಗ್ತದ ಓದ್ರಿ.

ಮೊದಲು ಪ್ಲಗ್ ಕಿತ್ತು ಕಣ್ಣಿಗೆ ಕಾಣಂಗ ಟೇಬಲ್ ಮ್ಯಾಲ ಇಟ್ಕೊರಿ, ಬರೇ ಸ್ವಿಚ್ ಆಫ್ ಮಾಡಿದ್ರ ಸಾಲಂಗಿಲ್ಲ. ಬ್ಲೇಡ್ ತಿರುಗೋ ಚಕ್ರದ ನೆತ್ತಿ ಯಾವ ಮಟ್ಟಕ್ಕ ಬರ್ತದೋ ಔಟ್‌ಫೀಡ್ ಟೇಬಲ್ಲೂ ಅದೇ ಮಟ್ಟಕ್ಕ ಇರಬೇಕು. ಇನ್‌ಫೀಡ್ ಅದಕ್ಕಿಂತ ಎಷ್ಟು ಕೆಳಗ ಅದನೋ ಅಷ್ಟು ಕಟ್ಟಿಗಿ ಹೋಗ್ತದ. ಈಗ ಬ್ಲೇಡ್ ನೆತ್ತಿ ಔಟ್‌ಫೀಡಿಗಿಂತ ಮ್ಯಾಲ ಅದ ಅನ್ಕೊರಿ, ಹಲಗಿ ಹಿಂದಿನ ತುದಿ ಇನ್‌ಫೀಡ್ ಬಿಟ್ಟ ಕೂಡಲೇ ಅದಕ್ಕ ಆಸರ ತಪ್ಪಿ ಕೆಳಗ ಕುಂದರ್ತದ, ಬ್ಲೇಡ್ ಅಲ್ಲಿ ಜಾಸ್ತಿ ತಿಂತದ. ನಿಮ್ಮ ಗುಂಡಿ ಅದೇ. ಔಟ್‌ಫೀಡ್ ಎತ್ತರ ಇದ್ರ ಇದರ ಉಲ್ಟಾ, ಹಲಗಿ ಮೂತಿ ಟೇಬಲ್ ಅಂಚಿಗೆ ಬಡದು ನಿಂದರ್ತದ, ಇಲ್ಲಾ ಹತ್ಕೊಂಡು ಹೋಗಿ ಮುಂದ ಮುಂದ ಕಟಿಂಗ್ ಕಡಿಮಿ ಆಕ್ಕೋತ ಬರ್ತದ.

ನೋಡೋದು ಹೆಂಗ ಅಂದ್ರ, ಒಂದು ಫೂಟಿನ ನೆಟ್ಟನ ಕಟ್ಟಿಗಿ ಪಟ್ಟಿ ತಗೊಂಡು ಔಟ್‌ಫೀಡ್ ಮ್ಯಾಲ ಇಟ್ಟು ಕಟರ್ ಹೆಡ್ (ಬ್ಲೇಡ್ ಕೂಡಿಸಿದ ತಿರುಗೋ ಉರುಳಿ) ದಾಟೋ ಹಂಗ ಚಾಚ್ರಿ. ಟೇಬಲ್ ಅಂಚಿನ ನೇರಕ್ಕ ಪಟ್ಟಿಗೆ ಪೆನ್ಸಿಲ್ ಗೆರಿ ಹಾಕ್ರಿ. ಆಮ್ಯಾಲ ಬೆಲ್ಟ್ ಕಡಿಂದ ಕಟರ್ ಹೆಡ್ ಮೆಲ್ಲಕ ತಿರುಗಿಸ್ರಿ, ಬ್ಲೇಡಿಗೆ ಕೈ ಹಚ್ಚಬ್ಯಾಡ್ರಿ. ಬ್ಲೇಡ್ ಪಟ್ಟಿನ ಮುಟ್ಟಿ ಸ್ವಲ್ಪ ದೂರ ಎಳಕೊಂಡು ಹೋಗಿ ಬಿಟ್ಟುಬಿಡ್ತದ, ಅಲ್ಲಿ ಇನ್ನೊಂದು ಗೆರಿ. ಎರಡು ಗೆರಿ ನಡುವ 3 ಎಂಎಂ ಆಸುಪಾಸು ಇದ್ರ ಸೆಟ್ಟಿಂಗ್ ಸರಿ ಅದ. ಪಟ್ಟಿ ಅಳ್ಳಾಡಲೇ ಇಲ್ಲ ಅಂದ್ರ ಬ್ಲೇಡ್ ಕೆಳಗ ಅದ. ಇದನ್ನ ಫೆನ್ಸ್ ಕಡಿಗೆ ಒಮ್ಮೆ, ನಡುವ ಒಮ್ಮೆ, ನಿಮ್ಮ ಕಡಿಗೆ ಒಮ್ಮೆ, ಎರಡೂ ಬ್ಲೇಡಿಗೂ ಮಾಡ್ರಿ. ಎಲ್ಲಾ ಕಡಿ ಒಂದೇ ಲೆಕ್ಕ ಬರಬೇಕು.

ಈ ಪಟ್ಟಿ ಪರೀಕ್ಷಾ ಯಾಕ ಛಲೋ ಅಂದ್ರ ಗೇಜ್ ಇಲ್ಲದವ್ರಿಗೂ ಎಂಎಂದ ನೂರನೇ ಪಾಲಿನ ಲೆಕ್ಕ ಕೊಡ್ತದ. 50 ಎಂಎಂ ವ್ಯಾಸದ ಕಟರ್ ಹೆಡ್ ಆದ್ರ 3 ಎಂಎಂ ಎಳೀತು ಅಂದ್ರ ಬ್ಲೇಡ್ ನೆತ್ತಿ ಟೇಬಲ್ಲಿಗಿಂತ 0.05 ಎಂಎಂಗೂ ಕಡಿಮಿ ಮ್ಯಾಲ ಅದ ಅಂತ. 6 ಎಂಎಂ ಎಳೀತಂದ್ರ 0.18. ಎಳೆತ ಡಬಲ್ ಆದ್ರ ಎತ್ತರ ನಾಕ್ಪಟ್ಟು, ಅದನ್ನ ತಲ್ಯಾಗ ಇಟ್ಕೊರಿ.

ನಿಮ್ಮದು ಫಿಕ್ಸ್ ಔಟ್‌ಫೀಡ್ ಆದ್ದರಿಂದ ಟೇಬಲ್ ಮುಟ್ಟೋ ಹಂಗಿಲ್ಲ, ಬ್ಲೇಡನ್ನ ಏರಿಸಿ ಇಳಿಸಬೇಕು. ಬ್ಲೇಡ್ ಬಿಗಿಯೋ ಬೋಲ್ಟ್ ಸಡ್ಲ ಮಾಡಿದ್ರ ತಳದಾಗ ಸಣ್ಣ ಅಡ್ಜಸ್ಟ್ ಸ್ಕ್ರೂ ಇರ್ತಾವ, ಕೆಲವು ಮಷೀನಿಗೆ ಸ್ಪ್ರಿಂಗ್ ಇರ್ತಾವ. ಬಿಗಿಯೋವಾಗ ಒಂದ ಬೋಲ್ಟ್ ಪೂರಾ ಬಿಗೀಬ್ಯಾಡ್ರಿ, ನಡುವಿಂದ ಶುರು ಮಾಡಿ ಆಕಡಿ ಈಕಡಿ ಸ್ವಲ್ಪ ಸ್ವಲ್ಪ, ಇಲ್ಲಾಂದ್ರ ಬಿಗಿಯೋ ಹೊತ್ತಿಗೇ ಬ್ಲೇಡ್ ಜರುಗ್ತದ. ಪೂರಾ ಬಿಗಿದ ಮ್ಯಾಲ ಮತ್ತೊಮ್ಮೆ ಪಟ್ಟಿ ಇಟ್ಟು ನೋಡದ ಚಾಲೂ ಮಾಡಬ್ಯಾಡ್ರಿ.

ಭಾನುವಾರದ_ಬಡಿಗ

ಫಿಟ್ಟರ್ ಸರ್ ಹೇಳಿದ್ದು ಗುಂಡಿಗೆ ಸರಿಯಾದ ಔಷಧ. ಆದ್ರೆ ನಡುವಿನ ಸಂದು ಬೇರೆ ಕಾಯಿಲೆ ಅನ್ಸುತ್ತೆ ನಂಗೆ. (ನಮ್ಮೂರು ಕೊಪ್ಪಳ, ಇರೋದು ಬೆಂಗಳೂರು, ಭಾಷೆ ಕೆಟ್ಟಿದೆ ಬೈಬೇಡಿ.) ಇಂಥ ಅಲ್ಯುಮಿನಿಯಂ ಟೇಬಲ್‌ಗಳಲ್ಲಿ ಎರಡು ಟೇಬಲ್ಲೂ ಒಂದಕ್ಕೊಂದು ಸಮಾನಾಂತರ ಇರಲ್ಲ, ಹೊರಗಿನ ತುದಿ ಜೋತು ಬಿದ್ದಿರುತ್ತೆ. ಅಂದ್ರೆ ಕಟರ್ ಹತ್ರ ಎತ್ತರ, ಎರಡೂ ಕಡೆ ಇಳಿಜಾರು. ಅದರ ಮೇಲೆ ಹಲಗೆ ಹಾಯ್ದು ಹೋದ್ರೆ ನಡುವೆ ಜಾಸ್ತಿ ಕಟ್ ಆಗಿ ಒಳಗೆ ಡೊಂಕು ಬರುತ್ತೆ. ಉಲ್ಟಾ, ತುದಿಗಳು ಎತ್ತರ ಇದ್ರೆ ನಡುವೆ ಉಬ್ಬು ಬರುತ್ತೆ.

ಒಂದು ನಂಬಿಕಸ್ಥ ಸ್ಟ್ರೇಟ್ ಎಡ್ಜ್ ಬೇಕು, ಉದ್ದನೆಯದು. ಇಲ್ಲ ಅಂದ್ರೆ ಅಲ್ಯುಮಿನಿಯಂ ಕಿಟಕಿ ಮಾಡೋರ ಅಂಗಡಿಯಲ್ಲಿ ಚೌಕ ಪೈಪ್ ತಂದು, ಪೇಪರ್ ಮೇಲೆ ಗೆರೆ ಎಳೆದು, ಅದನ್ನೇ ಮಗುಚಿ ಅದೇ ಗೆರೆ ಮೇಲೆ ಇನ್ನೊಂದು ಎಳೆದು ನೋಡಿ, ಎರಡೂ ಕೂಡಿದ್ರೆ ಪೈಪ್ ನೆಟ್ಟಗಿದೆ. ಇನ್‌ಫೀಡನ್ನ ಔಟ್‌ಫೀಡ್ ಮಟ್ಟಕ್ಕೆ ಏರಿಸಿ, ಬ್ಲೇಡ್ ಅಡ್ಡ ಬರದ ಹಾಗೆ ಕಟರ್ ತಿರುಗಿಸಿಟ್ಟು, ಪೈಪನ್ನ ಎರಡೂ ಟೇಬಲ್ ಮೇಲೆ ಹಾಕಿ. ತುದಿಯಲ್ಲಿ ಫೀಲರ್ ಗೇಜ್ (ಸಂದು ಅಳೆಯೋ ತೆಳ್ಳನೆ ಉಕ್ಕಿನ ಎಲೆಗಳು) ತೂರುತ್ತಾ ನೋಡಿ, ಬೈಕ್ ಮೆಕ್ಯಾನಿಕ್ ಹತ್ರ ಇರುತ್ತೆ ಇಸ್ಕೊಳ್ಳಿ. ಮೊದಲು ಇನ್‌ಫೀಡ್ ಜಾರೋ ಕಡೆಯ ಗಿಬ್ ಸ್ಕ್ರೂ (ಟೇಬಲ್ ಅಳ್ಳಾಡದ ಹಾಗೆ ಹಿಡಿಯೋ ಸ್ಕ್ರೂ) ಬಿಗಿ ಮಾಡಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತೆ. ಆಗಲಿಲ್ಲ ಅಂದ್ರೆ ಟೇಬಲ್ ಕೂರೋ ಜಾಗದಲ್ಲಿ ಶಿಮ್ ಹಾಕ್ಬೇಕು, ಕೂಲ್ ಡ್ರಿಂಕ್ ಟಿನ್ ಕತ್ತರಿಸಿದ್ರೆ ಸುಮಾರು 0.1 ಎಂಎಂ ತಗಡು ಸಿಗುತ್ತೆ, ಪುಕ್ಕಟೆ.

ಇದನ್ನ ಮೊದಲು ಮಾಡಿ, ಆಮೇಲೆ ಬ್ಲೇಡ್ ಸೆಟ್ ಮಾಡಿ. ಟೇಬಲ್ಲೇ ಸರಿ ಇಲ್ದೆ ಬ್ಲೇಡ್ ಸೆಟ್ ಮಾಡಿದ್ರೆ ಎರಡು ಸಲ ಕೆಲಸ.

ವೈರ್‌ಮನ್_ಮಾನ್ವಿ

ಯಾರೂ ಕರೆಂಟ್ ಬಗ್ಗೆ ಕೇಳಲಿಲ್ಲ ನೋಡ್ರಿ. ಅಣ್ಣಾ ಶೆಡ್ಡಿಗೆ ಲೈನ್ ಎಲ್ಲಿಂದ ಎಳದೀರಿ? ಮನಿ ಒಳಗಿನ 6 ಆಂಪ್ ಪಾಯಿಂಟಿಂದ ತೆಳ್ಳನ ಎಕ್ಸ್‌ಟೆನ್ಶನ್ ಬಾಕ್ಸ್ ಇದ್ರ ಇವತ್ತೇ ಬಿಡ್ರಿ. 1500 ವ್ಯಾಟ್ ಅಂದ್ರ 230 ವೋಲ್ಟಿಗೆ ಆರೂವರಿ ಆಂಪ್, ಚಾಲೂ ಆಗೋವಾಗ ಇನ್ನಾ ಜಾಸ್ತಿ ಎಳೀತದ. 16 ಆಂಪ್ ಸಾಕೆಟ್, 2.5 ಸ್ಕ್ವೇರ್ ಎಂಎಂ ವೈರು, ಅರ್ಥಿಂಗ್ ಪಕ್ಕಾ. ನಮ್ಮ ಕಡಿ ಬ್ಯಾಸಗ್ಯಾಗ ಸಂಜಿ ಹೊತ್ತಿಗೆ ಎಲ್ಲಾ ಮನ್ಯಾಗ ಕೂಲರ್ ಎಸಿ ಚಾಲೂ ಆದ್ರ ವೋಲ್ಟೇಜ್ ಬಿದ್ದೋಗ್ತದ, ಆಗ ಈ ಬ್ರಶ್ ಮೋಟರ್ ಆರ್‌ಪಿಎಂ ಇಳಿದು ಕಟ್ಟಿಗಿನ ಕಡಿಯೋ ಬದ್ಲಿ ಕಿತ್ತು ಹಾಕ್ತದ. ಮುಂಜಾನಿ ಹೊತ್ತು ಕೆಲ್ಸ ಮಾಡ್ರಿ.

ಇನ್ನೊಂದು ಇದಕ್ಕಿಂತ ದೊಡ್ಡದು. ನಡುವ ಕರೆಂಟ್ ಹೋದ್ರ ಸ್ವಿಚ್ ಆನ್‌ನ್ಯಾಗ ಉಳೀತದೋ ಏನು? ಉಳೀತದ ಅಂದ್ರ, ನೀವು ಬ್ಲೇಡಿನ್ಯಾಗ ಸಿಕ್ಕ ಸಿಪ್ಪಿ ತೆಗೀತಾ ಕುಂತಾಗ ಕರೆಂಟ್ ಬಂತು ಅನ್ಕೊರಿ. ನೋ ವೋಲ್ಟ್ ಸ್ವಿಚ್ ಅಂತ ಸಿಗತಾವ, ಕರೆಂಟ್ ಹೋದ್ರ ತಾನ ಆಫ್ ಆಗಿ ಹಸರ ಬಟನ್ ಮತ್ತ ಒತ್ತೋವರಿಗೂ ಚಾಲೂ ಆಗಂಗಿಲ್ಲ. ಹಾಕಿಸ್ರಿ. ಟೇಬಲ್ ಡೊಂಕಿದ್ರ ಹಲಗಿ ಹಾಳಾಗ್ತದ ಅಷ್ಟ.

ಬಾಚಿ_ಉಳಿ_ಗಂಗಾವತಿ

ಈ ಹುಡುಗ ಹೇಳಿದ್ದು ಖರೇ. ನಮ್ಮ ಅಡ್ಡೆದಾಗ ಎರಡು ಬೆರಳು ಕಡಿಮಿ ಇದ್ದವ್ರು ಅದಾರ. ಕೈಗೆ ಗ್ಲೌಸ್ ಹಾಕ್ಕೊಂಡು ಈ ಮಷೀನ್ ಮುಂದ ನಿಂದರಬ್ಯಾಡ ತಮ್ಮಾ, ಬಟ್ಟಿ ಸಿಕ್ಕಿದ್ರ ಕೈನ ಎಳಕೊಂತತಿ. ಲುಂಗಿ, ಟವಲ್ ಸುದ್ದಾ ಬ್ಯಾಡ.

ಕುಷ್ಟಗಿ_ಟೀಚರ್

ನಮಸ್ಕಾರ. ನಾನೂ ಇಂಥದ್ದ ಒಂದು ತಗೋಬೇಕಂತ ಮಾಡೀನಿ. ಸಾಲಿ ಮಕ್ಕಳಿಗೆ ಕಟ್ಟಿಗಿ ಗಣಿತ ಆಟಿಕಿ ಮಾಡ್ತೀನಿ, ಭಿನ್ನರಾಶಿ ಪಟ್ಟಿ, ಘನ, ತ್ರಿಕೋನ, ಎಲ್ಲಾ ಸಣ್ಣ ಸಣ್ಣ ತುಂಡು, ಅರ್ಧ ಫೂಟು ಮುಕ್ಕಾಲು ಫೂಟು. ದೊಡ್ಡ ಹಲಗಿ ನನಗ ಬೇಕಾಗಿಲ್ಲ. ಸಣ್ಣ ಮಷೀನ್ ಸಣ್ಣ ತುಂಡಿಗೆ ಛಲೋ ಅಲ್ಲೇನ್ರಿ?

ರಾಯಚೂರು_ಫಿಟ್ಟರ್

ಟೀಚರ್ರೆ, ಅಲ್ಲೇ ಎಡವಟ್ಟಾಗೋದು. ಒಂದು ಫೂಟಿಗಿಂತ ಗಿಡ್ಡ ತುಂಡು ಜಾಯಿಂಟರ್ ಮ್ಯಾಲ ಹಾಕಬಾರದು. ಎರಡು ಟೇಬಲ್ ನಡುವ ಕಟರ್ ಇರೋ ಬಾಯಿ ಅದ ನೋಡ್ರಿ, ಗಿಡ್ಡ ತುಂಡು ಅದರಾಗ ಮೂತಿ ಹಾಕಿ ಮಗುಚ್ತದ, ಒತ್ತಿ ಹಿಡದ ಕೈ ನೆಟ್ಟಗ ಬ್ಲೇಡಿಗೆ. ಅಡ್ಡ ಕೊಯ್ದ ತುದಿನೂ ಇದ್ರಾಗ ಹೊಡಿಯೋ ಹಂಗಿಲ್ಲ, ಸೀಳಿ ಹಾರ್ತದ. ನೀವು ಮಾಡಬೇಕಾದ್ದು ಇಷ್ಟ, ಒಂದೂವರಿ ಎರಡು ಫೂಟಿನ ಪಟ್ಟಿ ಇರೋವಾಗಲೇ ಒಂದು ಮುಖ ಒಂದು ಬದಿ ನೆಟ್ಟಗ ಮಾಡಿ, ಆಮ್ಯಾಲ ಗರಗಸದಾಗ ತುಂಡು ಮಾಡ್ರಿ. ಎರಡೂ ಕೈಗೆ ರಬ್ಬರ್ ತಳದ ಪುಶ್ ಬ್ಲಾಕ್ ಇರಲಿ, ಹಿಂದ ಹಿಮ್ಮಡಿ ಇರೋದು ಒಂದು, ಹಲಗಿ ಜಾರಂಗಿಲ್ಲ. ಕಟರ್ ಮ್ಯಾಲಿನ ಸ್ಪ್ರಿಂಗ್ ಗಾರ್ಡ್ ತಾನ ವಾಪಸ್ ಬರ್ತದೋ ಇಲ್ಲೋ ದಿನಾ ನೋಡ್ರಿ, ಅಗ್ಗದ ಮಷೀನ್‌ದಾಗ ಹೊಟ್ಟು ತುಂಬಿ ಅದು ತೆರಕೊಂಡ ನಿಂತಿರ್ತದ.

ಭಾನುವಾರದ_ಬಡಿಗ

ಟೀಚರ್, ನಿಮ್ಮ ಪಕ್ಕದಲ್ಲೇ ಕಿನ್ನಾಳ ಇದೆಯಲ್ಲ. ಅಲ್ಲಿ ಚಿತ್ರಗಾರರು ಬಳಸೋ ಹಗುರ ಕಟ್ಟಿಗೆ, ಪೊಳಕಿ, ಅದು ಮಕ್ಕಳ ಆಟಿಕೆಗೆ ಹೇಳಿ ಮಾಡಿಸಿದ್ದು, ಕೈಯಲ್ಲೇ ಆಗುತ್ತೆ, ಅದಕ್ಕೆ ಜಾಯಿಂಟರ್ ತಗೊಳ್ಳೋದು ಮೂಗಿಗಿಂತ ಮೂಗುತಿ ಭಾರ. ನಿಮಗೆ 14 ಇಂಚಿನ 5ನೇ ನಂಬರ್ ಕೈ ರಂದಾ, ಒಂದು ಶೂಟಿಂಗ್ ಬೋರ್ಡ್ (ಸಣ್ಣ ತುಂಡನ್ನ ಆನಿಸಿಟ್ಟು ಬದಿಗೆ ರಂದಾ ಹೊಡೆಯೋ ಹಲಗೆ) ಸಾಕು. ಗಲಾಟೆನೂ ಇಲ್ಲ, ಸಣ್ಣ ತುಂಡೂ ಬೆರಳೂ ಎರಡೂ ಉಳಿಯುತ್ತೆ.

ಕುಷ್ಟಗಿ_ಟೀಚರ್

ದುಡ್ಡು ಉಳಿಸಿದ್ರಿ ಅಣ್ಣಾರ. ಆದ್ರ ಬೇವು ಒಂದಷ್ಟು ಐತಿ ಮನ್ಯಾಗ, ಹಿತ್ತಲ ಗಿಡ ಕಡದದ್ದು, ಅದು ಕೈ ರಂದಾಕ್ಕ ಬಗ್ಗವಲ್ದು, ಒಂದು ಕಡಿಂದ ಹೊಡದ್ರೂ ಎಳಿ ಕಿತ್ತು ಬರ್ತತಿ, ಆ ಕಡಿಂದ ಹೊಡದ್ರೂ ಕಿತ್ತು ಬರ್ತತಿ.

ಬಾಚಿ_ಉಳಿ_ಗಂಗಾವತಿ

ಬೇವು ಹಂಗ ಅವ್ವಾ. ಅದರ ಎಳಿ ಒಂದು ಪದರ ಆಕಡಿಗೆ ಒಂದು ಪದರ ಈಕಡಿಗೆ ಹೆಣಕೊಂಡಿರ್ತತಿ. ಉಳಿ ಮಸಿದಂಗ ರಂದಾ ಬ್ಲೇಡ್ ಮಸದು, ಕಾಗದದಷ್ಟು ತೆಳ್ಳಗ ಸಿಪ್ಪಿ ಬರೋ ಹಂಗ ಇಟ್ಕೊ. ಕೊನಿಗೆ ಗಾಜಿನ ಚೂರಿನ್ಯಾಗೋ ಸ್ಕ್ರೇಪರಿನ್ಯಾಗೋ ಕೆರಿ. ಮಷೀನಿನ್ಯಾಗ ಹೊಡದ್ರೂ ಬೇವಿಗೆ 1 ಎಂಎಂ ಇಡಬಾರದು, ಅರ್ಧಕ್ಕಿಂತ ಕಡಿಮಿ, ನಿಧಾನ ನೂಕಬೇಕು.

ರಾಯಚೂರು_ಫಿಟ್ಟರ್

ನಿಧಾನ ನೂಕೋದರ ಲೆಕ್ಕ ಹೇಳ್ತೀನಿ ಕೇಳ್ರಿ. 10,000 ಆರ್‌ಪಿಎಂ, ಎರಡು ಬ್ಲೇಡ್ ಅಂದ್ರ ನಿಮಿಷಕ್ಕ 20,000 ಕಡಿತ. ನಿಮಿಷಕ್ಕ 5 ಮೀಟರ್ ವೇಗದಾಗ ನೂಕಿದ್ರ ಒಂದೊಂದು ಕಡಿತಕ್ಕ ಕಾಲು ಎಂಎಂ, 3 ಮೀಟರಿಗೆ ಇಳಿಸಿದ್ರ 0.15. ಆದ್ರ ನಡುವ ನಿಲ್ಲಿಸಬಾರದು, ನಿಲ್ಲಿಸಿದ ಜಾಗದಾಗ ಸುಟ್ಟ ಕಲಿ ಬೀಳ್ತದ.

ಬಳ್ಳಾರಿ_ಹೊಟ್ಟು

ಎಲ್ಲಾರ್ಗೂ ಥ್ಯಾಂಕ್ಸ್, ಲೇಟಾಗಿ ಬಂದೀನಿ, ಮಷೀನ್ ಬಿಚ್ಚಿ ಕುಂತಿದ್ದೆ. ಪಟ್ಟಿ ಪರೀಕ್ಷಾ ಮಾಡಿದೆ. ಒಂದು ಬ್ಲೇಡ್ ಫೆನ್ಸ್ ಕಡಿಗೆ 8 ಎಂಎಂ ಎಳೀತತಿ, ನನ್ನ ಕಡಿಗೆ 5. ಇನ್ನೊಂದು ಬ್ಲೇಡ್ ಪಟ್ಟಿನ ಮುಟ್ಟಂಗ ಇಲ್ಲ! ಅಂದ್ರ ಎರಡು ಬ್ಲೇಡಿನ ಮಷೀನು ಅಂತ ತಗೊಂಡಿದ್ದು ಒಂದ ಬ್ಲೇಡಿನ್ಯಾಗ ಓಡಾಕ ಹತ್ತಿತ್ತು. ಫ್ಯಾಕ್ಟರಿಯಿಂದ ಬಂದದ್ದ ಹಿಂಗ, ನಾನು ಮುಟ್ಟೇ ಇರ್ಲಿಲ್ಲ. ಚೌಕ ಪೈಪ್ ಇಟ್ಟು ನೋಡಿದ್ರ ಇನ್‌ಫೀಡ್ ಹೊರಗಿನ ತುದಿ ಜೋತು ಬಿದ್ದೈತಿ, ಫೀಲರಿನ್ಯಾಗ 0.4ರ ಎಲಿ ತೂರ್ತತಿ. ಗಿಬ್ ಸ್ಕ್ರೂ ಬಿಗಿ ಮಾಡಿದ ಮ್ಯಾಲ 0.2ಕ್ಕ ಇಳೀತು. ಉಳಿದದ್ದಕ್ಕ ಟಿನ್ ತಗಡು ಹಾಕಬೇಕು. ಫೆನ್ಸ್ ಗುನ್ಯಾ ಹಚ್ಚಿದ್ರ ಒಂದು ಕಡಿ ಸರಿ ಐತಿ, ಇನ್ನೊಂದು ಕಡಿ ಹಿಂದಕ್ಕ ವಾಲ್ತತಿ, ಅಲ್ಯುಮಿನಿಯಂ ತಿರುಚೈತಿ, ಇದಕ್ಕೇನ್ ಮಾಡೋದ್ರಿ?

ಭಾನುವಾರದ_ಬಡಿಗ

ಫೆನ್ಸ್‌ಗೆ ಒಂದು ನೆಟ್ಟಗಿರೋ 18 ಎಂಎಂ ಪ್ಲೈ ಅಥವಾ ಎಂಡಿಎಫ್ ಪಟ್ಟಿ ಸ್ಕ್ರೂ ಹಾಕಿ ಕೂರಿಸಿ, ವಾಲಿದ ಕಡೆ ಹಿಂದೆ ತೆಳ್ಳಗೆ ಪೇಪರ್ ಕೊಟ್ರೆ ಸರಿಯಾಗುತ್ತೆ. ಇದ್ರೂ ಪೂರ್ತಿ 90 ಡಿಗ್ರಿ ಸಿಗದೇ ಹೋದ್ರೆ ತಲೆ ಕೆಡಿಸ್ಕೋಬೇಡಿ. ಜೋಡಿಸೋ ಹಲಗೆಗಳನ್ನ ಸಾಲಾಗಿ ಇಟ್ಟು ಮೇಲಿನ ಮುಖಕ್ಕೆ ಪೆನ್ಸಿಲ್ ಗುರುತು ಮಾಡಿ, ಮೊದಲ ಹಲಗೆ ಗುರುತು ಫೆನ್ಸ್ ಕಡೆಗೆ, ಎರಡನೇದರ ಗುರುತು ನಿಮ್ಮ ಕಡೆಗೆ ಇರೋ ಹಾಗೆ ಹೊಡೀರಿ. ಒಂದು 89 ಬಂದ್ರೆ ಇನ್ನೊಂದು 91 ಬರುತ್ತೆ, ಕೂಡಿದ್ರೆ 180, ಹಲಗೆ ಮೇಲ್ಮೈ ಸಪಾಟ. ಎಳೆ ದಿಕ್ಕು ಉಲ್ಟಾ ಆಗೋದ್ರಿಂದ ಒಂದರಲ್ಲಿ ಸ್ವಲ್ಪ ಕಿತ್ತು ಬರಬಹುದು, ಅದಕ್ಕೆ ತೆಳ್ಳಗೆ ತೆಗೀರಿ.

4 ಫೂಟ್ ಹಲಗೆ ಆಗುತ್ತಾ ಅಂದ್ರೆ, ಟೇಬಲ್ ಉದ್ದದ ಎರಡರಷ್ಟು ಅನ್ನೋದು ಗರಿಷ್ಠ ಮಿತಿ, ಅದೂ ಎರಡೂ ಕಡೆ ರೋಲರ್ ಸ್ಟ್ಯಾಂಡ್ ಇಟ್ಟು. ಆರಾಮಾಗಿ ಆಗೋದು ಎರಡೂವರೆ ಫೂಟ್. ಅದಕ್ಕಿಂತ ಉದ್ದ ಇದ್ರೆ ಮೊದಲು ಅಡ್ಡ ಕೊಯ್ದು ಆಮೇಲೆ ಜಾಯಿಂಟರ್‌ಗೆ ಹಾಕಿ. 4 ಫೂಟಿನ ಬಾಗು ನೆಟ್ಟಗೆ ಮಾಡೋಕೆ 8 ಎಂಎಂ ಹೋಗೋ ಕಡೆ, ಅದನ್ನೇ 2 ಫೂಟ್ ಎರಡು ತುಂಡು ಮಾಡಿದ್ರೆ ಒಂದೊಂದರಲ್ಲಿ ಎರಡೇ ಎಂಎಂ ಹೋಗುತ್ತೆ.

ಸಿಂಧನೂರು_ಸಂತಿ

ನಾ ಸುಮ್ನ ಓದ್ಕೊಂತ ಕುಂತಿದ್ದೆ, ಒಂದು ಮಾತು ಹೇಳ್ಲೇ? ನೀವೆಲ್ಲಾ ಸಾಗವಾನಿ ಸಾಗವಾನಿ ಅಂತೀರಿ, ಸಣ್ಣ ಜಾಯಿಂಟರಿಗೆ ನಮ್ಮ ಕಡಿ ಹೇಳಿ ಮಾಡಿಸಿದ ಕಟ್ಟಿಗಿ ಅಂದ್ರ ಬಳ್ಳಾರಿ ಜಾಲಿ. ಕಾಲುವಿ ದಂಡಿ, ಕೆರಿ ಅಂಗಳ, ರಸ್ತಿ ಬದಿ ಎಲ್ಲಾ ಅದ, ಹೊಲದಾಗ ಬಂದ್ರ ರೈತರು ಜೆಸಿಬಿ ಹಚ್ಚಿ ಕೀಳಸ್ತಾರ, ಉಳಿದದ್ದು ಇದ್ದಿಲು ಸುಡೋರಿಗೆ. ದಪ್ಪ ಬೊಡ್ಡಿ ಸಿಕ್ರ ಒಳಗಿನ ಕೆಚ್ಚು ನೋಡ್ರಿ ಒಮ್ಮೆ, ಚಾಕ್ಲೇಟ್ ಬಣ್ಣ, ಪಾಲಿಶ್ ಹೊಡದ್ರ ಬೀಟಿ ಮುಂದ ಇಟ್ಟಂಗ ಕಾಣ್ತದ. ಹುಟ್ಟಾ ಡೊಂಕು ಗಿಡ, ಎರಡು ಫೂಟಿಗಿಂತ ಉದ್ದ ನೆಟ್ಟನ ತುಂಡು ಸಿಗೋದಿಲ್ಲ. ಅದಕ್ಕ ಯಾವ ಬಡಿಗನೂ ಮುಟ್ಟಂಗಿಲ್ಲ. ಆದ್ರ ನಿಮ್ಮ ಮಷೀನಿಗೆ ಬೇಕಾದ್ದು ಅದೇ ಅಲ್ಲೇನು, ಎರಡು ಫೂಟಿನ ತುಂಡು? ನಾ ಡಬ್ಬಿ, ರೊಟ್ಟಿ ಮಣಿ, ಚಾಕು ಹಿಡಿಕಿ, ಫೋಟೋ ಫ್ರೇಮು ಎಲ್ಲಾ ಇದ್ರಾಗ ಮಾಡೀನಿ. ನಿಮ್ಮಂಥದ್ದೇ ಸಣ್ಣ ಮಷೀನು.

ಇನ್ನ ಅದರ ದೊಡ್ಡ ಗುಣ ಏನಂದ್ರ, ಒಣಗೋವಾಗ ಕುಗ್ಗೋದು ಬಗ್ಗೋದು ಬಹಳ ಕಡಿಮಿ. ಮಿಲ್ಲಿಂದ ತಂದ ಅರೆಹಸಿ ಸಾಗವಾನಿ ಇವತ್ತು ಜಾಯಿಂಟರ್ ಹೊಡದು ನೆಟ್ಟಗ ಮಾಡಿದ್ರ ನಮ್ಮ ಬಿಸಲಿಗೆ ಮುಂಜಾನಿ ಏಳೋದ್ರಾಗ ಮತ್ತ ಕಮಾನು. ಜಾಲಿ ಒಮ್ಮೆ ಒಣಗಿ ನಿಂತ್ರ ನಿಂತದ್ದ.

ಜೋಪಾನ ಮಾಡಬೇಕಾದ್ದೂ ಅದ. ತೊಗಟಿ ಪೂರಾ ತೆಗೀರಿ, ಸಂದಿನ್ಯಾಗ ಮಣ್ಣು ಉಸುಕು ಕುಂತಿರ್ತದ, ಬ್ಲೇಡ್ ಹಲ್ಲು ಹೋಗ್ತದ. ತಂತಿಬೇಲಿ ಹತ್ರದ ಗಿಡ ಆದ್ರ ಒಳಗ ಮೊಳಿ ನುಂಗಿರ್ತದ, ಅಯಸ್ಕಾಂತ ಆಡಿಸಿ ನೋಡ್ರಿ. ಧೂಳು ಮೂಗಿಗೆ ಕಣ್ಣಿಗೆ ಉರಿ, ಮಾಸ್ಕ್ ಕಂಪಲ್ಸರಿ. ಒಂದು ಸಲಕ್ಕ ಅರ್ಧ ಎಂಎಂ ಸಾಕು, ಗಟ್ಟಿ ಕಟ್ಟಿಗಿ, ಮೋಟರ್ ಉಸಿರು ಕಟ್ತದ.

ಬಾಚಿ_ಉಳಿ_ಗಂಗಾವತಿ

ಏ, ಜಾಲಿಗೆ ನಾ ರಂದಾ ಹಾಕಂಗಿಲ್ಲಪಾ, ಹೆಗಲು ಬಿದ್ದು ಹೋಗ್ತಾವು. ಬಂಡಿ ಗೂಟಕ್ಕ ಕರಿಜಾಲಿ ಬಾಚಿನ್ಯಾಗ ಕೆತ್ತಿದವ್ರಿಗೆ ಗೊತ್ತು ಅದರ ಗಟ್ಟಿತನ, ಈ ಬಳ್ಳಾರಿ ಜಾಲಿ ಅಂತೂ ನಾವು ಒಲಿಗೇ ಹಾಕಿದ್ದು. ಒಂದು ಡಬ್ಬಿ ಫೋಟೋ ಹಾಕು ನೋಡೋಣ.

ಸಿಂಧನೂರು_ಸಂತಿ

ಹಾಕೀನಿ ನೋಡ್ರಿ ಕಾಕಾ. ಮುಚ್ಚಳ ಒಂದ ಬೊಡ್ಡಿ ಸೀಳಿ ಎರಡು ಹೋಳು ಪುಸ್ತಕ ಬಿಚ್ಚಿದಂಗ ಜೋಡಿಸಿದ್ದು. ನಡುವಿನ ಜೋಡಣಿ ಹುಡುಕ್ರಿ.

ಬಾಚಿ_ಉಳಿ_ಗಂಗಾವತಿ

ಛಲೋ ಐತಿ. ಮೂಲ್ಯಾಗಿನ ಕಚ್ಚು ಸ್ವಲ್ಪ ಸಡ್ಲ ಐತಿ, ಆದ್ರ ಜೋಡಣಿ ಕಾಣವಲ್ದು, ಒಪ್ಪಿದೆ.

ರಾಯಚೂರು_ಫಿಟ್ಟರ್

ಡೊಂಕು ತುಂಡು ಹಾಕೋವಾಗ ಹೊಟ್ಟಿ ಮ್ಯಾಲ, ಬೆನ್ನು ಮ್ಯಾಲ ಅಂತ ಗೊಂದಲ ಮಾಡ್ಕೋಬ್ಯಾಡ್ರಿ. ತಗ್ಗಿರೋ ಮುಖ ಟೇಬಲ್ ಕಡಿಗೆ, ಎರಡು ತುದಿ ಮ್ಯಾಲ ಕುಂದರಬೇಕು. ಉಬ್ಬು ಕೆಳಗ ಹಾಕಿದ್ರ ತೊಟ್ಲಂಗ ತೂಗ್ತದ, ಎಷ್ಟು ಹೊಡದ್ರೂ ಉಬ್ಬು ಉಬ್ಬಾಗೇ ಉಳೀತದ. ತಿರುಚಿದ್ದು ಆದ್ರ ಕರ್ಣದ ಎರಡು ಮೂಲಿ ಮ್ಯಾಲ ಸಮ ತೂಕ ಕೊಟ್ಟು ನೂಕ್ರಿ. ಹಲಗಿ ಮುಂದಿನ ಒಂದು ಫೂಟು ದಾಟಿದ ಕೂಡಲೇ ಒತ್ತು ಔಟ್‌ಫೀಡ್ ಕಡಿಗೆ ಬರಬೇಕು, ಇನ್‌ಫೀಡ್ ಕಡಿ ಕೈ ಬರೇ ನೂಕೋದಕ್ಕ. ಬಹಳ ಒತ್ತಿದ್ರ ಡೊಂಕು ಹಲಗಿ ಬಗ್ಗಿ ಟೇಬಲಿಗೆ ಅಂಟ್ತದ, ಬಿಟ್ಟ ಮ್ಯಾಲ ಮತ್ತ ಡೊಂಕು.

ಮತ್ತ ಇದು ಎಲ್ಲಾರ್ಗೂ, ಜಾಯಿಂಟರ್ ಒಂದು ಮುಖ ಸಪಾಟ ಮಾಡಿ ಅದಕ್ಕ 90ಕ್ಕ ಒಂದು ಬದಿ ಕೊಡ್ತದ, ಅಷ್ಟ ಅದರ ಕೆಲ್ಸ. ಎರಡನೇ ಮುಖನೂ ಇದ್ರಾಗೇ ಹೊಡದ್ರ ಎರಡೂ ಸಪಾಟ ಬರ್ತಾವ, ದಪ್ಪ ಮಾತ್ರ ಒಂದು ಕಡಿ ಆರು ಸೂತು ಒಂದು ಕಡಿ ಏಳು ಸೂತು (ಸೂತು ಅಂದ್ರ ಇಂಚಿನ ಎಂಟನೇ ಪಾಲು). ಅದಕ್ಕ ಥಿಕ್ನೆಸ್ಸರ್, ಅಂದ್ರ ಹಲಗಿ ಪೂರಾ ಒಂದೇ ದಪ್ಪ ಮಾಡೋ ಮಷೀನ್, ಬೇಕು, ಇಲ್ಲಾ ಮಾರ್ಕಿಂಗ್ ಗೇಜಿನ್ಯಾಗ ಗೆರಿ ಎಳದು ಕೈ ರಂದಾ.

ಭಾನುವಾರದ_ಬಡಿಗ

ಅದಕ್ಕೇ ನಂಗೆ ಕೇಳಿದ್ರೆ, ದುಡ್ಡು ಒಂದೇ ಮಷೀನ್‌ಗೆ ಇದೆ ಅಂದ್ರೆ ಥಿಕ್ನೆಸ್ಸರ್ ಮೊದಲು ತಗೊಳ್ಳಿ ಅಂತೀನಿ. ಸಪಾಟ ಇರೋ ಎಂಡಿಎಫ್ ತುಂಡಿನ ಮೇಲೆ ಡೊಂಕು ಹಲಗೆ ಇಟ್ಟು, ಎದ್ದ ಕಡೆ ಚೂರು ಕೊಟ್ಟು ಗ್ಲೂ ಗನ್‌ನಲ್ಲಿ ಹಿಡಿಸಿ ಥಿಕ್ನೆಸ್ಸರ್‌ಗೆ ತೂರಿಸಿದ್ರೆ 12 ಇಂಚಿನ ಅಗಲದವರೆಗೂ ಮುಖ ಸಪಾಟ ಆಗುತ್ತೆ. 6 ಇಂಚಿನ ಜಾಯಿಂಟರ್‌ನಲ್ಲಿ ಅಷ್ಟು ಅಗಲ ಎಲ್ಲಿ ಬರುತ್ತೆ?

ಸಿಂಧನೂರು_ಸಂತಿ

12 ಇಂಚಿನ ಹಲಗಿ ಯಾರ್ ಕೊಡ್ತಾರ ಅಣ್ಣಾ ನಮಗ. ನಮ್ಮ ಜಾಲಿ 4 ಇಂಚು ಸಿಕ್ರ ಹಬ್ಬ.

ಬಳ್ಳಾರಿ_ಹೊಟ್ಟು

ವಾಪಸ್ ಕಳಿಸಂಗಿಲ್ಲ ಅಂತ ಫಿಕ್ಸ್ ಆಯ್ತು. ತಗಡು ಹಾಕಿ ಟೇಬಲ್ ಸರಿ ಮಾಡಿ, ಆಮ್ಯಾಲ ಎರಡೂ ಬ್ಲೇಡು ಮೂರೂ ಕಡಿ 3 ಎಂಎಂ ಹತ್ರ ಎಳೆಯೋ ಹಂಗ ತಂದೀನಿ, ಕುಂತು ಕುಂತು ಸೊಂಟ ಹೋಯ್ತು. ಗುಂಡಿ ಬೀಳೋದು ನಿಂತತಿ. ಶೆಲ್ಫಿನ ಹಲಗಿ ಎರಡು ಫೂಟಿಗೆ ಕೊಯ್ದು ಡಿಸೈನೇ ಬದ್ಲಿ ಮಾಡಿದೆ, ಎರಡು ಸಣ್ಣ ಶೆಲ್ಫ್ ಆಗ್ತಾವು. ಬದಿಗೆ ಬದಿ ಹಚ್ಚಿ ನೋಡಿದ್ರ ಕಾಕಾ ಹೇಳಿದ ಕೂದಲೆಳಿ ಸಂದು ಮಾತ್ರ ಉಳದೈತಿ, ಅದನ್ನ ಹಂಗ ಬಿಟ್ಟೀನಿ. 16 ಆಂಪ್ ಲೈನು ಎಳಸಿದೆ, ನೋ ವೋಲ್ಟ್ ಸ್ವಿಚ್ ಅಂಗಡಿಯವ್ರು ತರಿಸಿಕೊಡ್ತೀನಿ ಅಂದಾರ, ಬರೋತನಕ ಕರೆಂಟ್ ಹೋದ ಕೂಡಲೇ ಪ್ಲಗ್ ಕೀಳ್ತೀನಿ.

ಒಂದ ತಾಪತ್ರಯ, ಜಾಲಿ ಒಂದು ತುಂಡು ಹಾಕಿ ನೋಡಿದೆ, ಒಳಗ ಏನೋ ಕಲ್ಲಿನ ಹರಳು ಇತ್ತು, ಎರಡೂ ಬ್ಲೇಡಿಗೆ ಸಣ್ಣ ಹಲ್ಲು ಬಿತ್ತು. ಹಲಗಿ ಮ್ಯಾಲ ಉದ್ದಕ್ಕ ಗೆರಿ ಎದ್ದು ಬರ್ತತಿ. ಬ್ಲೇಡ್ ಹೊಸಾವು ತರಿಸ್ಬೇಕೇನ್ರಿ?

ರಾಯಚೂರು_ಫಿಟ್ಟರ್

ಈಗ ಬ್ಯಾಡ. ಎರಡರಾಗ ಒಂದು ಬ್ಲೇಡನ್ನ ಸಡ್ಲ ಮಾಡಿ ಅಡ್ಡಕ್ಕ ಒಂದು ಎಂಎಂ ಸರಿಸಿ ಬಿಗೀರಿ. ಒಂದರ ಹಲ್ಲು ಬಿಟ್ಟ ಗೆರಿನ ಇನ್ನೊಂದು ಕಡದುಕೊಂಡು ಹೋಗ್ತದ. ಎತ್ತರ ಮಾತ್ರ ಪಟ್ಟಿ ಇಟ್ಟು ಮತ್ತ ನೋಡ್ರಿ.

ಮಸೆಯೋ ಟೈಮ್ ಬಂದಾಗ ಎರಡೂ ಬ್ಲೇಡ್ ಒಟ್ಟಿಗೇ ಕೊಡ್ರಿ, ಒಂದನ್ನ ಜಾಸ್ತಿ ಒಂದನ್ನ ಕಡಿಮಿ ಮಸದ್ರ ತೂಕ ಹೆಚ್ಚು ಕಡಿಮಿ ಆಗಿ 10,000 ಆರ್‌ಪಿಎಂದಾಗ ಮಷೀನ್ ನಡುಗ್ತದ. ವಾಪಸ್ ಬಂದ ಮ್ಯಾಲ ಚಿನ್ನದಂಗಡಿ ತಕ್ಕಡ್ಯಾಗ ತೂಗಿ ನೋಡ್ರಿ, ಹೆಚ್ಚಿರೋದರ ಬೆನ್ನು ಸ್ವಲ್ಪ ಉಜ್ಜಿದ್ರ ಆಯ್ತು. ಗ್ರೈಂಡಿಂಗ್ ಮಾಡೋರಿಗೆ ನೀರು ಬಿಟ್ಕೊಂತ ಹೊಡಿ ಅಂತ ಹೇಳ್ರಿ, ಒಣಾ ಹೊಡದು ಅಂಚು ನೀಲಿ ಬಂತಂದ್ರ ತಗೋಬ್ಯಾಡ್ರಿ.